ರೇಡಿಯೋ ತರಂಗಗಳ ಹಂಚಿಕೆಯೂ ನಮ್ಮ ನೆರೆಹೊರೆಯ ಆರೋಗ್ಯವೂ

ದೆಹಲಿಯಲ್ಲಿ ನೆಲದ ಬೆಲೆ ಏನೆಂಬುದನ್ನು ಇಲ್ಲಿಗೆ ಬಂದು ನೆಲಸಿದ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುನಿರ್ಕಾದ ಡಿ.ಡಿ.ಎ. ವಸತಿಗಳಲ್ಲಿ ಒಂದು ಪುಟ್ಟ ಮನೆಗಾಗಿ ಜೀವಮಾನದ ಉಳಿತಾಯವನ್ನೆಲ್ಲ ತೊಡಗಿಸಿದವರು ನಮ್ಮಲ್ಲಿದ್ದಾರೆ. ಅದಕ್ಕೆ ತಾಗಿಕೊಂಡಿರುವ ಮುನಿರ್ಕಾ ಗ್ರಾಮದ ಓಣಿಗಳಲ್ಲಿ ಒಂದು ಗಜ ಜಾಗವನ್ನೂ ಬಿಡದೆ ಮನೆಯ ಮೇಲೆ ಮನೆ ಎದ್ದಿರುವುದನ್ನು ದಿನವೂ ಕಾಣುತ್ತೇವೆ. ಆದರೆ ಆ ಮನೆಗಳ ಮೇಲೆ, ಅವುಗಳ ಗೋಡೆಗಳನ್ನು ಹಾದು, ನಮ್ಮ ಮೈಯನ್ನೂ ಹಾದು ಹೋಗುವ ಇನ್ನೊಂದು ಸೊತ್ತು ಉಂಟು. ಅದು ಕಣ್ಣಿಗೆ ಕಾಣದು, ಕೈಗೆ ಸಿಗದು, ಬೇಲಿ ಹಾಕಲು ಬಾರದು. 2022ರ ಜುಲೈ 26ರಿಂದ ಆಗಸ್ಟ್ 1ರವರೆಗೆ ನಡೆದ ಹರಾಜಿನಲ್ಲಿ ಭಾರತ ಸರ್ಕಾರವು ಇದರ ಒಂದು ಭಾಗವನ್ನು ಇಪ್ಪತ್ತು ವರ್ಷಗಳ ಬಳಕೆಗೆಂದು ಸುಮಾರು 1.5 ಲಕ್ಷ ಕೋಟಿ ರೂಪಾಯಿಗೆ ಕೊಟ್ಟಿತು. ಕೊಟ್ಟದ್ದು ಗಾಳಿಯನ್ನಲ್ಲ, ಆಕಾಶವನ್ನಲ್ಲ. ಕೆಲವು ಕಂಪನಗಳನ್ನು ಉಂಟುಮಾಡುವ ಹಕ್ಕನ್ನು.

ಈ ಮಾತನ್ನು ಬಿಡಿಸಿ ಹೇಳಲು ನಮ್ಮ ಹಿರಿಯರ ಮನೆಯ ರೇಡಿಯೋ ಪೆಟ್ಟಿಗೆಯನ್ನೇ ನೆನೆಯುವುದು ಒಳ್ಳೆಯದು. ಅದರ ಗಾಜಿನ ಮುಖದ ಮೇಲೆ ಎರಡು ಬಗೆಯ ಅಂಕಿಗಳಿರುತ್ತಿದ್ದವು: ಒಂದು ಮೀಟರಿನಲ್ಲಿ, ಇನ್ನೊಂದು ಕಿಲೋಹರ್ಟ್ಸಿನಲ್ಲಿ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಅಂಕಿ 612 ಕಿಲೋಹರ್ಟ್ಸ್, ಅಂದರೆ ಸುಮಾರು 490 ಮೀಟರ್. ಸೆಕೆಂಡಿಗೆ 6 ಲಕ್ಷ 12 ಸಾವಿರ ಸಲ ಕಂಪಿಸುವ ತರಂಗದ ಒಂದು ಏರಿನಿಂದ ಮುಂದಿನ ಏರಿಗೆ 490 ಮೀಟರ್ ಅಂತರವಿರುತ್ತದೆ ಎಂದು ಇದರ ಅರ್ಥ. ಕಂಪನಗಳ ಸಂಖ್ಯೆಗೆ ಆವೃತ್ತಿ ಎಂದೂ, ಏರಿನಿಂದ ಏರಿಗಿರುವ ದೂರಕ್ಕೆ ತರಂಗಾಂತರ ಎಂದೂ ನಮ್ಮ ವಿಜ್ಞಾನ ಪಠ್ಯಗಳಲ್ಲಿ ಹೆಸರು. ಆವೃತ್ತಿ ಹೆಚ್ಚಿದಷ್ಟೂ ತರಂಗಾಂತರ ಕುಗ್ಗುತ್ತದೆ. ಬೆಂಗಳೂರಿನ 101.3 ಮೆಗಾಹರ್ಟ್ಸಿನ ಎಫ್.ಎಂ. ಪ್ರಸಾರದ ತರಂಗ ಮೂರು ಮೀಟರಿನಷ್ಟು. 900 ಮೆಗಾಹರ್ಟ್ಸಿನ ಮೊಬೈಲ್ ತರಂಗ ಒಂದು ಅಡಿಗಿಂತ ತುಸು ಹೆಚ್ಚು. ಐದನೆಯ ಪೀಳಿಗೆಯ ಜಾಲಕ್ಕೆ ಬಳಸುವ 3,500 ಮೆಗಾಹರ್ಟ್ಸಿನ ತರಂಗ ಬರಿಯ ನಾಲ್ಕು ಬೆರಳಗಲ. ಈ ಇಡೀ ಸಾಲಿಗೆ ಭೌತವಿಜ್ಞಾನಿಗಳು ರೋಹಿತವೆನ್ನುತ್ತಾರೆ. ನಮ್ಮ ಪತ್ರಿಕೆಗಳು ಮಾತ್ರ ಕೆಲವೊಮ್ಮೆ ತರಂಗಗುಚ್ಛವೆಂದೂ ಕೆಲವೊಮ್ಮೆ ತರಂಗಾಂತರವೆಂದೂ ಬರೆದು ಓದುಗರನ್ನು ಗೊಂದಲಕ್ಕೆ ಗುರಿಮಾಡಿವೆ. ಅಳತೆಯ ಹೆಸರನ್ನೇ ಸೊತ್ತಿನ ಹೆಸರಾಗಿ ಬಳಸುವುದು ಗಜಕಡ್ಡಿಯನ್ನೇ ಬಟ್ಟೆಯೆಂದು ಕರೆದಂತೆ.

ತರಂಗದ ನಡತೆ ಅದರ ಉದ್ದವನ್ನು ಅವಲಂಬಿಸುತ್ತದೆ. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲವನ್ನಪ್ಪಿ ಸ್ವಲ್ಪ ದೂರ ಸಾಗಿ ಸೋಲುತ್ತವೆ. ಸೂರ್ಯಾಸ್ತದ ಬಳಿಕ ವಾತಾವರಣದ ಮೇಲ್ಭಾಗದಲ್ಲಿರುವ, ಅವುಗಳನ್ನು ಹೀರಿಕೊಳ್ಳುವ ಪದರ ಕರಗಿಹೋಗುವುದರಿಂದ ಅವು ಇನ್ನೂ ಎತ್ತರಕ್ಕೇರಿ, ಅಲ್ಲಿಂದ ಪ್ರತಿಫಲಿಸಿ, ನೂರಾರು ಮೈಲಿ ದೂರದಲ್ಲಿ ಇಳಿಯುತ್ತವೆ. ದೆಹಲಿಯ ಚಳಿಗಾಲದ ರಾತ್ರಿಗಳಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿ, ಗುಂಯ್‌ಗುಡುವ ಸದ್ದಿನ ನಡುವೆ ಕನ್ನಡ ದನಿಯನ್ನು ಹುಡುಕುತ್ತಿದ್ದವರಿಗೆ ಈ ಅನುಭವ ಹೊಸದಲ್ಲ. ಎಫ್.ಎಂ. ಮತ್ತು ಮೊಬೈಲ್ ತರಂಗಗಳಿಗೆ ಆ ಭಾಗ್ಯವಿಲ್ಲ. ಅವು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಅವುಗಳಲ್ಲಿಯೂ ಕಡಿಮೆ ಆವೃತ್ತಿಯವು ಗೋಡೆಗಳನ್ನು ಹಾದು ಒಳಕೋಣೆಯನ್ನು ತಲಪುತ್ತವೆ, ಹೆಚ್ಚು ಆವೃತ್ತಿಯವು ಇಟ್ಟಿಗೆ ಕಾಂಕ್ರೀಟುಗಳಿಗೆ ಸೋಲುತ್ತವೆ. ಕಡಿಮೆ ಆವೃತ್ತಿಯ ಪಟ್ಟಿಗಳಿಗೆ ಹರಾಜಿನಲ್ಲಿ ಹೆಚ್ಚು ಬೆಲೆ ಬರುವುದಕ್ಕೆ ಮುಖ್ಯ ಕಾರಣ ಇದೇ.

ಒಂದೇ ಸ್ಥಳದಲ್ಲಿ ಒಂದೇ ಆವೃತ್ತಿಯಲ್ಲಿ ಇಬ್ಬರು ಪ್ರಸಾರ ಮಾಡಿದರೆ ಇಬ್ಬರ ಮಾತೂ ಕೇಳುವುದಿಲ್ಲ. ಹಂಚಿಕೆಯ ಅವಶ್ಯಕತೆ ಹುಟ್ಟುವುದು ಇಲ್ಲಿ. ತರಂಗಗಳಿಗೆ ದೇಶದ ಗಡಿಯೂ ತಿಳಿಯದಾದ್ದರಿಂದ ಈ ಹಂಚಿಕೆ ಜಿನೀವಾದಿಂದ ಆರಂಭವಾಗುತ್ತದೆ. ಅಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಸಂಘವು 1865ರಲ್ಲಿ ತಂತಿ ವ್ಯವಸ್ಥೆಗಾಗಿ ಸ್ಥಾಪಿತವಾಗಿ ಮುಂದೆ ರೇಡಿಯೋವನ್ನೂ ವಹಿಸಿಕೊಂಡಿತು. ಅದು ಜಗತ್ತನ್ನು ಮೂರು ವಲಯಗಳಾಗಿ ಮಾಡಿದೆ. ಭಾರತ ಮೂರನೆಯ ವಲಯಕ್ಕೆ ಸೇರಿದೆ. ಯಾವ ಪಟ್ಟಿ ನೌಕೆಗಳಿಗೆ, ಯಾವುದು ವಿಮಾನಗಳಿಗೆ, ಯಾವುದು ಉಪಗ್ರಹಗಳಿಗೆ ಎಂಬುದನ್ನು ಕೆಲವು ವರ್ಷಗಳಿಗೊಮ್ಮೆ ಸೇರುವ ಸಮ್ಮೇಳನಗಳು ನಿರ್ಣಯಿಸುತ್ತವೆ. ಅದರ ಚೌಕಟ್ಟಿನೊಳಗೆ ನಮ್ಮ ದೇಶದ ಹಂಚಿಕೆಯ ಯೋಜನೆಯನ್ನು ಸಿದ್ಧಪಡಿಸುವುದು 1952ರಲ್ಲಿ ಸ್ಥಾಪಿತವಾದ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗ. ದೂರಸಂಪರ್ಕ ಇಲಾಖೆಯ ಈ ವಿಭಾಗವು ಅಶೋಕ ರಸ್ತೆಯ ಸಂಚಾರ ಭವನದಿಂದ ಕೆಲಸ ಮಾಡುತ್ತಿದೆ. ಆ ರಸ್ತೆಯಲ್ಲಿ ಓಡಾಡಿದ ನಮ್ಮವರೆಷ್ಟೋ ಮಂದಿ ಆಕಾಶದ ಕಂದಾಯ ಕಚೇರಿ ಅದೇ ಎಂದು ಊಹಿಸಿರಲಾರರು.

ಕಾನೂನಿನ ಮಾತಿಗೆ ಬಂದರೆ, 1885ರ ಟೆಲಿಗ್ರಾಫ್ ಕಾಯಿದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯಿದೆಗಳು ಬಹುಕಾಲ ನಮ್ಮನ್ನು ಆಳಿದವು. ಈ ಎರಡನೆಯ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ವೈರ್‌ಲೆಸ್ ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧ. ಕೇಳುವ ರೇಡಿಯೋವೂ ಅದರಲ್ಲಿ ಸೇರಿತ್ತು. ಅಂಚೆ ಕಚೇರಿಯಲ್ಲಿ ಸಾಲುನಿಂತು ರೇಡಿಯೋ ಲೈಸೆನ್ಸಿನ ಪುಸ್ತಕಕ್ಕೆ ಪ್ರತಿವರ್ಷ ಹಣ ಕಟ್ಟಿ ಮುದ್ರೆ ಹಾಕಿಸಿಕೊಳ್ಳುತ್ತಿದ್ದ ಪದ್ಧತಿ 1980ರ ದಶಕದ ಮಧ್ಯಭಾಗದವರೆಗೂ ಇದ್ದುದನ್ನು ಹಿರಿಯ ಓದುಗರು ಬಲ್ಲರು. ನಮ್ಮ ನಾಡಿನ ಹೆಮ್ಮೆಯ ಒಂದು ಅಧ್ಯಾಯವೂ ಆ ಕಾಯಿದೆಗಳ ಕಾಲದಲ್ಲೇ ಬರೆಯಲ್ಪಟ್ಟಿತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟಿನ ಪ್ರೇಷಕವೊಂದನ್ನಿಟ್ಟು ಪ್ರಸಾರವನ್ನಾರಂಭಿಸಿದರು. 30 ವಾಟೆಂದರೆ ಒಂದು ಸಣ್ಣ ದೀಪದ ಬಲ. ಆ ನಿಲಯಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿಯೇ ಸ್ವೀಕರಿಸಿತು. ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು. ಸಂಸದ್ ಮಾರ್ಗದ ಆಕಾಶವಾಣಿ ಭವನದ ನಾಮಫಲಕವನ್ನು ಕಂಡಾಗ ಮೈಸೂರಿನ ಆ ಮನೆಯನ್ನು ನೆನೆಯುವ ಹಕ್ಕು ನಮಗಿದೆ.

ಆಕಾಶ ಯಾರದು ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ಕ್ರಿಕೆಟ್ ಪಂದ್ಯದ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಉತ್ತರ ಕೊಟ್ಟಿತು: ತರಂಗಗಳು ಸಾರ್ವಜನಿಕರ ಸೊತ್ತು, ಸರ್ಕಾರ ಅದರ ಧರ್ಮದರ್ಶಿ. ಆ ಧರ್ಮದರ್ಶಿತ್ವ ಹೇಗೆ ನಡೆಯಿತೆಂಬುದು ಬೇರೆ ಕಥೆ. 2008ರ ಜನವರಿಯಲ್ಲಿ, ಮೊದಲು ಬಂದವರಿಗೆ ಮೊದಲು ಎಂಬ ನೆಪದಲ್ಲಿ, 2001ರ ದರಕ್ಕೇ 122 ಪರವಾನಗಿಗಳನ್ನು ಹಂಚಲಾಯಿತು. ಬೊಕ್ಕಸಕ್ಕೆ ಆದ ಸಂಭಾವ್ಯ ನಷ್ಟ 1.76 ಲಕ್ಷ ಕೋಟಿ ರೂಪಾಯಿಯವರೆಗೂ ಆಗಿರಬಹುದೆಂದು ಮಹಾಲೇಖಪಾಲರು 2010ರಲ್ಲಿ ವರದಿ ಮಾಡಿದರು. 2012ರ ಫೆಬ್ರವರಿ 2ರಂದು ಸರ್ವೋಚ್ಚ ನ್ಯಾಯಾಲಯ ಆ 122 ಪರವಾನಗಿಗಳನ್ನೂ ರದ್ದುಗೊಳಿಸಿತು. 2017ರಲ್ಲಿ ದೆಹಲಿಯ ವಿಶೇಷ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತೆಂಬುದನ್ನೂ ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ದೂರಸಂಪರ್ಕ ಕಾಯಿದೆಯು ಹರಾಜನ್ನೇ ಸಾಮಾನ್ಯ ನಿಯಮವನ್ನಾಗಿ ಮಾಡಿ, ರಕ್ಷಣೆ, ಪೊಲೀಸು, ಉಪಗ್ರಹ ಸೇವೆ ಮುಂತಾದವುಗಳಿಗೆ ಹರಾಜಿಲ್ಲದೆ ಹಂಚಲು ಅವಕಾಶವನ್ನಿರಿಸಿತು.

ಹಣದ ಮಾತು ಪತ್ರಿಕೆಗಳಿಗೆ ಪ್ರಿಯ; ಆದರೆ ನಿಯಂತ್ರಣದ ನಿಜವಾದ ಅರ್ಥ ಪ್ರಾಣರಕ್ಷಣೆಯಲ್ಲಿದೆ. ನಮ್ಮ ಮುನಿರ್ಕಾಕ್ಕೆ ಪಾಲಂ ವಿಮಾನ ನಿಲ್ದಾಣ ದೂರವಲ್ಲ. ಮಂಜಿನ ಮುಂಜಾನೆ ಇಳಿಯುವ ವಿಮಾನವು 108ರಿಂದ 112 ಮೆಗಾಹರ್ಟ್ಸಿನ ನಡುವಿನ ಸಂಕೇತವನ್ನು ಹಿಡಿದು ಓಡುದಾರಿಯ ನಡುಗೆರೆಯನ್ನು ಹುಡುಕುತ್ತದೆ. ಎಫ್.ಎಂ. ಹಾಡುಗಳ ಪಟ್ಟಿ ಮುಗಿಯುವುದು 108ರಲ್ಲಿ! ನಡುವೆ ಗೋಡೆಯಿಲ್ಲ. ಹಾಡಿನ ಪ್ರೇಷಕ ತನ್ನ ಎಲ್ಲೆಯೊಳಗೆ ಇರುವಂತೆ ನೋಡಿಕೊಳ್ಳುವ ನಿಯಮವೊಂದೇ ಅಲ್ಲಿರುವ ಗೋಡೆ. ಹಾಗೆಯೇ ವಿಮಾನವು ನೆಲದಿಂದ ತನ್ನ ಎತ್ತರವನ್ನು ಅಳೆಯುವ ಉಪಕರಣ 4,200ರಿಂದ 4,400 ಮೆಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತದೆ. ಐದನೆಯ ಪೀಳಿಗೆಯ ಮೊಬೈಲ್ ಜಾಲಕ್ಕೆ ಹತ್ತಿರದ ಪಟ್ಟಿಯನ್ನು ಕೊಟ್ಟಾಗ ಈ ಉಪಕರಣ ತಪ್ಪು ಎತ್ತರವನ್ನು ತೋರಿಸೀತೆಂಬ ಆತಂಕ ಹಲವು ದೇಶಗಳಲ್ಲಿ ಎದ್ದಿತು. 2022ರ ನವೆಂಬರಿನಲ್ಲಿ ನಮ್ಮ ದೂರಸಂಪರ್ಕ ಇಲಾಖೆಯು ಓಡುದಾರಿಯ ಎರಡೂ ತುದಿಗಳಿಂದ 2.1 ಕಿಲೋಮೀಟರ್ ಮತ್ತು ನಡುಗೆರೆಯಿಂದ 910 ಮೀಟರಿನೊಳಗೆ 3,300–3,670 ಮೆಗಾಹರ್ಟ್ಸಿನ ಗೋಪುರಗಳನ್ನು ನಿಲ್ಲಿಸಕೂಡದೆಂದು ಸಂಸ್ಥೆಗಳಿಗೆ ಸೂಚನೆ ಕೊಟ್ಟಿತು. ದೆಹಲಿ ಮತ್ತು ಬೆಂಗಳೂರು ಎರಡೂ ಆ ಸಂದರ್ಭದಲ್ಲಿ ಹೆಸರಿಸಲ್ಪಟ್ಟ ನಿಲ್ದಾಣಗಳಲ್ಲಿದ್ದವು. ಮುನಿರ್ಕಾ ಆ ವಲಯದಿಂದ ಆಚೆಗಿದೆ.

ಇನ್ನು ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ: ಮಾಳಿಗೆಯ ಮೇಲಿನ ಗೋಪುರದಿಂದ ಕ್ಯಾನ್ಸರ್ ಬರುವುದೇ? ನಮ್ಮ ಬಡಾವಣೆಯ ಸಭೆಯೊಂದರಲ್ಲಿ ಇದರ ಮೇಲೆ ಎರಡು ಗಂಟೆ ವಾದ ನಡೆಯಿತು. ಕಡೆಗೆ ಒಬ್ಬ ಹಿರಿಯ ಮಹಿಳೆ ನನ್ನ ಕಡೆ ತಿರುಗಿ, “ಗೋಪುರ ಇದ್ದರೆ ಭಯ, ಇಲ್ಲದಿದ್ದರೆ ಮಗನ ಫೋನು ಬರುವುದಿಲ್ಲ, ಏನು ಮಾಡೋಣ ಹೇಳಿ ರಾಯರೇ” ಎಂದರು. ಇಡೀ ಸಮಸ್ಯೆ ಆ ಒಂದು ವಾಕ್ಯದಲ್ಲಿತ್ತು.

ಮೊದಲು ವಿಕಿರಣವೆಂಬ ಶಬ್ದದ ತೊಡಕನ್ನು ಬಿಡಿಸಬೇಕು. 2010ರ ಏಪ್ರಿಲಿನಲ್ಲಿ ಇದೇ ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗಳಿಗೆ ವಿಶ್ವವಿದ್ಯಾನಿಲಯದ ಹಳೆಯ ಯಂತ್ರವೊಂದರೊಂದಿಗೆ ಕೋಬಾಲ್ಟ್-60 ಬಂದು, ಹಲವರು ಸುಟ್ಟಗಾಯಗಳಿಂದ ನರಳಿ ಒಬ್ಬರು ಮಡಿದರು. ಅಲ್ಲಿ ಹೊಮ್ಮಿದ್ದು ಗಾಮಾ ಕಿರಣ. ಜೀವಕೋಶದ ಅಣುಗಳ ಬಂಧವನ್ನು ಮುರಿಯುವ ಶಕ್ತಿ ಅದಕ್ಕಿದೆ. ಎಕ್ಸ್ ಕಿರಣಕ್ಕೂ ಇದೆ. ರೇಡಿಯೋ ತರಂಗಕ್ಕೆ ಆ ಶಕ್ತಿ ಇಲ್ಲ. 900 ಮೆಗಾಹರ್ಟ್ಸಿನ ಒಂದು ಕಣದ ಶಕ್ತಿ ಅಂಥ ಬಂಧವನ್ನು ಮುರಿಯಲು ಬೇಕಾದುದರ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು. ರೇಡಿಯೋ ತರಂಗ ಮಾಡಬಲ್ಲ, ನಿಶ್ಚಿತವಾಗಿ ತಿಳಿದಿರುವ ಹಾನಿಯೆಂದರೆ ಬಿಸಿಮಾಡುವುದು. ಅಡಿಗೆಮನೆಯ ಮೈಕ್ರೋವೇವ್ ಒಲೆ ಅದನ್ನೇ 2,450 ಮೆಗಾಹರ್ಟ್ಸಿನಲ್ಲಿ ನೂರಾರು ವಾಟುಗಳಿಂದ, ಮುಚ್ಚಿದ ಪೆಟ್ಟಿಗೆಯೊಳಗೆ ಮಾಡುತ್ತದೆ. ಮಂಡಿನೋವಿಗೆ ವೈದ್ಯರು ಕೊಡಿಸುವ ಡಯಾಥರ್ಮಿ ಶಾಖವೂ ಇದೇ ತತ್ತ್ವದ್ದು.

ಆದ್ದರಿಂದ ಮಿತಿಗಳನ್ನು ಶಾಖದ ಆಧಾರದ ಮೇಲೆಯೇ, ಬಹಳ ಅಂತರ ಬಿಟ್ಟು ಗೊತ್ತುಪಡಿಸಿದ್ದಾರೆ. ಅಂತರರಾಷ್ಟ್ರೀಯ ಆಯೋಗದ ಪ್ರಕಾರ 900 ಮೆಗಾಹರ್ಟ್ಸಿಗೆ ಚದರ ಮೀಟರಿಗೆ 4.5 ವಾಟ್ ಸಾರ್ವಜನಿಕರಿಗೆ ಮಿತಿ. ಭಾರತ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಅದನ್ನು ಹತ್ತರಲ್ಲೊಂದು ಪಾಲಿಗೆ, ಅಂದರೆ 0.45 ವಾಟಿಗೆ ಇಳಿಸಿತು. ಕೈಫೋನಿಗೆ ಅದೇ ದಿನದಿಂದ, ದೇಹದ ಯಾವ ಒಂದು ಗ್ರಾಂ ಊತಕವೂ ಕಿಲೋಗ್ರಾಮಿಗೆ 1.6 ವಾಟಿಗಿಂತ ಹೆಚ್ಚು ಹೀರಿಕೊಳ್ಳಬಾರದೆಂಬ ಮಿತಿ ಬಂತು. ನಕ್ಷತ್ರ, ಹ್ಯಾಷ್, ಸೊನ್ನೆ, ಏಳು, ಹ್ಯಾಷ್ ಒತ್ತಿದರೆ ನಿಮ್ಮ ಫೋನು ತನ್ನ ಅಂಕಿಯನ್ನು ತಾನೇ ತೋರಿಸುತ್ತದೆ.

ಇಷ್ಟಾದರೂ ಸಂದೇಹ ಪೂರ್ತಿ ತೀರಿಲ್ಲವೆನ್ನುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕಲಾಗದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರೇಡಿಯೋ ತರಂಗಗಳನ್ನು “ಕ್ಯಾನ್ಸರಿಗೆ ಕಾರಣವಾಗಿರಬಹುದು” ಎಂಬ ವರ್ಗಕ್ಕೆ ಸೇರಿಸಿತು. ಸಾಕ್ಷ್ಯ ಅಲ್ಪವಾದರೂ ಪೂರ್ತಿ ಅಲ್ಲಗಳೆಯಲಾಗದ ವಸ್ತುಗಳ ವರ್ಗವದು. ಏಷ್ಯದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದರಲ್ಲಿದೆ. ನಮ್ಮ ಪಕ್ಕದಲ್ಲಿಯೇ ಇರುವ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಈ ತರಂಗಗಳ ಪರಿಣಾಮವನ್ನು ಪರೀಕ್ಷಿಸಿ, ಸಂತಾನಶಕ್ತಿಗೆ ಸಂಬಂಧಿಸಿದ ಬದಲಾವಣೆಗಳನ್ನು ಕಂಡುದಾಗಿ ಪ್ರಕಟಿಸಿದ್ದರು. ಇಲಿಯ ಮೈಗೆ ಹತ್ತಿರದಲ್ಲಿ ಕೊಟ್ಟ ತರಂಗವನ್ನು ಬೀದಿಯಾಚೆಯ ಗೋಪುರದಿಂದ ಮನುಷ್ಯನಿಗೆ ತಲಪುವುದರೊಡನೆ ಸಮೀಕರಿಸಲಾಗದು ಎಂಬುದು ನನ್ನ ಅಭಿಪ್ರಾಯ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇಲೆ, ಮನುಷ್ಯರ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆದ ಪರಾಮರ್ಶೆಯಲ್ಲಿ ಫೋನಿನ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ. ಹತ್ತು ವರ್ಷಕ್ಕೂ ಮೀರಿ ಬಳಸಿದವರಲ್ಲಿಯೂ ಕಾಣಲಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ದೂರ ಎರಡರಷ್ಟಾದರೆ ತರಂಗದ ತೀವ್ರತೆ ನಾಲ್ಕರಲ್ಲೊಂದು ಪಾಲಾಗುತ್ತದೆ. ಗೋಪುರದ ಆಂಟೆನಾ ತನ್ನ ಬಲವನ್ನು ದೀಪಸ್ತಂಭದ ಬೆಳಕಿನಂತೆ ಎದುರಿಗೆ, ತುಸು ಕೆಳಮುಖವಾಗಿ ಚೆಲ್ಲುತ್ತದೆ. ಹಾಗಾಗಿ ಅದರ ನೇರ ಕೆಳಗಿನ ಮನೆಗೆ ಬೀಳುವುದು ಕಡಿಮೆ. ಅದೇ ಎತ್ತರದಲ್ಲಿ ಎದುರಿಗೆ, ಹತ್ತಿರದಲ್ಲಿ ಕಿಟಕಿ ಇದ್ದರೆ ಅಲ್ಲಿ ಅಳೆದು ನೋಡುವುದು ಯೋಗ್ಯ. ನಾವು ಮರೆಯುವುದು ಇನ್ನೊಂದನ್ನು: ಫೋನೂ ಒಂದು ಪ್ರೇಷಕವೇ, ಅದು ಇರುವುದು ಕಿವಿಗಂಟಿಕೊಂಡು. ಗೋಪುರ ಹತ್ತಿರವಿದ್ದರೆ ಫೋನು ಪಿಸುಮಾತಿನಲ್ಲಿ ಕೆಲಸ ಮುಗಿಸುತ್ತದೆ, ದೂರವಿದ್ದರೆ ಪೂರ್ತಿ ಬಲದಿಂದ ಕೂಗುತ್ತದೆ. ಹೆದರಿ ಗೋಪುರಗಳನ್ನೆಲ್ಲ ಕೀಳಿಸಿದರೆ ತಲೆಗೆ ತಾಕುವ ತರಂಗ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಮುನಿರ್ಕಾ ಗ್ರಾಮದಂಥ ಕಡೆಗಳಲ್ಲಿ ಕಿರಿದಾದ ಓಣಿಗಳೊಳಗೆ ಸಂಕೇತ ಇಳಿಯುವುದೇ ಕಷ್ಟ. ಎದುರುಬದುರು ಮನೆಗಳ ಬಾಲ್ಕನಿಗಳು ಕೈಗೆ ಕೈ ತಾಕುವಷ್ಟು ಹತ್ತಿರ. ಇದಕ್ಕೆ ಪರಿಹಾರವೆಂದು ಹಲವರು ಅಂಗಡಿಯಿಂದ ಬೂಸ್ಟರ್ ಎಂಬ ಯಂತ್ರವನ್ನು ತಂದು ಮಾಳಿಗೆಯ ಮೇಲೆ ಒಂದು ಆಂಟೆನಾ, ಕೋಣೆಯಲ್ಲಿ ಒಂದು ಆಂಟೆನಾ ಹಾಕಿಸುತ್ತಾರೆ. ಇದು ಕಾನೂನಿಗೆ ವಿರುದ್ಧವೆಂಬುದು ಅವರಲ್ಲಿ ಬಹುಮಂದಿಗೆ ತಿಳಿಯದು. ದೂರಸಂಪರ್ಕ ಇಲಾಖೆಯವರು ದೆಹಲಿಯಲ್ಲಿ ಇಂಥವನ್ನು ಹುಡುಕಿ ಕೀಳಿಸಿದ್ದಾರೆ. ಅಗ್ಗದ ಬೂಸ್ಟರ್ ಒಳ್ಳೆಯ ಸಂಕೇತವನ್ನೂ ಕೆಟ್ಟ ಗದ್ದಲವನ್ನೂ ವಿವೇಚನೆಯಿಲ್ಲದೆ ಹಿಗ್ಗಿಸಿ ಗೋಪುರದತ್ತ ಎಸೆಯುತ್ತದೆ. ಎರಡು ಆಂಟೆನಾಗಳು ಹತ್ತಿರವಿದ್ದರೆ, ಸಭೆಯಲ್ಲಿ ಧ್ವನಿವರ್ಧಕದ ಮುಂದೆ ಮೈಕು ಹಿಡಿದಾಗ ಕಿರುಚುವಂತೆ, ಅದು ತರಂಗದಲ್ಲಿಯೇ ಕಿರುಚತೊಡಗುತ್ತದೆ. ಗೋಪುರಕ್ಕೆ ಬಡಾವಣೆಯ ಉಳಿದ ಫೋನುಗಳ ಮಾತು ಆ ಕಿರುಚಾಟದಲ್ಲಿ ಕೇಳಿಸದು. ಒಂದು ಮನೆಯಲ್ಲಿ ಐದು ಗೀಟು ಪೂರ್ತಿಯಾಗುತ್ತವೆ; ಪಕ್ಕದ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರೊಬ್ಬರು ಎದೆನೋವೆಂದು 112 ಒತ್ತಿದರೆ ಕರೆ ಹೋಗುವುದಿಲ್ಲ. ಮಕ್ಕಳು ಬೇರೆ ಊರುಗಳಲ್ಲಿದ್ದು ಇಲ್ಲಿ ದಂಪತಿಗಳಷ್ಟೇ ಉಳಿದಿರುವ ಕನ್ನಡ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳಬೇಕಾಯಿತು. ಒಳಕೋಣೆಯಲ್ಲಿ ಸಂಕೇತವಿಲ್ಲದವರು ಮನೆಯ ವೈ-ಫೈ ಮೂಲಕವೇ ಕರೆ ಮಾಡುವ ಸೌಲಭ್ಯವನ್ನು ಫೋನಿನಲ್ಲಿ ತೆರೆದುಕೊಳ್ಳಬಹುದು. ನಮ್ಮ ದೇಶದಲ್ಲಿ ಅದು 2019ರ ಕೊನೆಯಿಂದ ದೊರಕುತ್ತಿದೆ. ವೈ-ಫೈಯ 2.4 ಗಿಗಾಹರ್ಟ್ಸ್ ಪಟ್ಟಿಯನ್ನು, ಅಲ್ಪಬಲದ ಉಪಕರಣಗಳಿಗೆಂದು, ಸರ್ಕಾರ 2005ರಲ್ಲಿಯೇ ಪರವಾನಗಿಯಿಂದ ಮುಕ್ತಗೊಳಿಸಿತು. ಹಳ್ಳಿಯ ಗೋಮಾಳವಿದ್ದಂತೆ ಅದು. ಬಲ ಮೀರದ ತನಕ ಯಾರು ಬೇಕಾದರೂ ಬಳಸಬಹುದು.

ಆಸ್ಪತ್ರೆಗಳಲ್ಲಿಯೂ ಈ ಹಂಚಿಕೆಯ ನೆರಳು ಕಾಣುತ್ತದೆ. ಎಂ.ಆರ್.ಐ. ಪರೀಕ್ಷೆಯಲ್ಲಿ ದೇಹದೊಳಗಿನ ಹೈಡ್ರೋಜನ್ ಬೀಜಗಳು, ಕಾಂತಬಲ 1.5 ಟೆಸ್ಲಾ ಇದ್ದರೆ, ಸುಮಾರು 64 ಮೆಗಾಹರ್ಟ್ಸಿನಲ್ಲಿ ಬಹು ಕ್ಷೀಣವಾಗಿ ಉತ್ತರ ಕೊಡುತ್ತವೆ. ಹೊರಗಿನ ಪ್ರಸಾರಗಳು ಒಳನುಸುಳಿ ಚಿತ್ರವನ್ನು ಕೆಡಿಸದಿರಲೆಂದು ಆ ಕೋಣೆಗೆ ತಾಮ್ರದ ಒಳಗವಸು ಹೊದಿಸಿರುತ್ತಾರೆ. ದೇಹದೊಳಗೆ ಇರಿಸಿದ ಕೆಲವು ವೈದ್ಯಸಾಧನಗಳು ಹೊರಗಿನ ಯಂತ್ರದೊಡನೆ ಮಾತಾಡಲು 402ರಿಂದ 405 ಮೆಗಾಹರ್ಟ್ಸಿನ ಪಟ್ಟಿ ಅಂತರರಾಷ್ಟ್ರೀಯವಾಗಿ ಮೀಸಲಾಗಿದೆ. ಹೃದಯದ ಪೇಸ್‌ಮೇಕರ್ ಉಳ್ಳವರು ಫೋನನ್ನು ಅಂಗಿಯ ಎದೆಜೇಬಿನಲ್ಲಿಡದೆ, ಸಾಧನದಿಂದ ಸುಮಾರು ಆರು ಅಂಗುಲ ದೂರವಿರಿಸಿ, ಎದುರು ಬದಿಯ ಕಿವಿಯಲ್ಲಿ ಕೇಳುವುದು ಲೇಸು.

ಗೋಪುರದ ಬಗ್ಗೆ ನಿಜವಾಗಿಯೂ ಸಂಶಯವಿದ್ದರೆ ಸಭೆಯಲ್ಲಿ ಕೂಗಾಡುವುದಕ್ಕಿಂತ ಅಳೆಯಿಸುವುದು ಮೇಲು. ದೂರಸಂಪರ್ಕ ಇಲಾಖೆ 2017ರ ಮೇ ತಿಂಗಳಿನಲ್ಲಿ ತರಂಗ ಸಂಚಾರ ಎಂಬ ವ್ಯವಸ್ಥೆಯನ್ನು ಆರಂಭಿಸಿ, ತಮ್ಮ ಬಡಾವಣೆಯ ಗೋಪುರಗಳಾವುವು, ಅವು ಮಿತಿಯೊಳಗಿವೆಯೇ ಎಂಬುದನ್ನು ಯಾರಾದರೂ ನೋಡುವಂತೆ ಮಾಡಿತು. ತಮ್ಮ ಮನೆಯಲ್ಲಿಯೇ ಅಳತೆಯಾಗಬೇಕೆಂದು ಬಯಸುವವರಿಗೆ ಆರಂಭದಲ್ಲಿ ನಾಲ್ಕು ಸಾವಿರ ರೂಪಾಯಿ ಶುಲ್ಕವನ್ನು ಗೊತ್ತುಮಾಡಿತ್ತು. ಹತ್ತು ಮನೆಯವರು ಸೇರಿದರೆ ತಲೆಗೆ ನಾನೂರು. ಅಳತೆಗೆ ಬಂದವರಿಗೆ ಎದುರುಮಾಳಿಗೆಯ ಎತ್ತರದಲ್ಲಿರುವ ಕಿಟಕಿಯನ್ನೇ ತೋರಿಸಿ, ಗೋಪುರದ ಬುಡವನ್ನಲ್ಲ.